ಪರೀಕ್ಷೆ ಆಗಿಲ್ಲ ಅಂದ್ರೆ ಪಾಸಾಯ್ತು ಅಂತಲ್ಲ: ಶಾಸನಪಾಠಗಳ ತಪಾಸಣೆಗೆ ಷರತ್ತು ಬರೆಯುವ ಬಗೆ

ದಾನಶಾಸನಗಳ ಕೊನೆಗೆ ಬರುವ ಶಾಪಾಶಯ ಶಾಸನ ಓದುವವರಿಗೆಲ್ಲ ಪರಿಚಿತ. ಈ ಧರ್ಮವನ್ನು ಕಾಪಾಡಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ದಾನ ಕೊಟ್ಟ ಪುಣ್ಯ, ಕೆಡಿಸಿದವನಿಗೆ ಅದೇ ಕ್ಷೇತ್ರದಲ್ಲಿ ಅಷ್ಟೇ ಕವಿಲೆಗಳನ್ನು ಕೊಂದ ಪಾಪ. ಹಗಲೆಲ್ಲಾ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನಂಥವನಿಗೆ ಇದು ಕಲ್ಲಿನ ಮೇಲೆ ಬರೆದ ಷರತ್ತಿನ ಹಾಗೆ ಕಾಣುತ್ತದೆ: ಹೀಗಾದರೆ ಇದು, ಹಾಗಾದರೆ ಅದು. ಆದರೆ ಈ ಷರತ್ತಿನಲ್ಲಿ ಮೂರನೆಯವನೊಬ್ಬ ಬಿಟ್ಟುಹೋಗಿದ್ದಾನೆ. ಕಾಪಾಡಲಿಲ್ಲ, ಕೆಡಿಸಲೂ ಇಲ್ಲ, ತಿರುಗಿ ನೋಡದೇ ಹೋದವನು. ಅವನಿಗೆ ಏನು ಫಲ?

ಶಾಸನ ಕಾಲದಲ್ಲಿ ಆ ಪ್ರಶ್ನೆ ಅಷ್ಟು ಮುಖ್ಯವಾಗಿರಲಿಲ್ಲವೇನೋ. ಆದರೆ ಶಾಸನಪಾಠಗಳನ್ನು ಗಣಕಕ್ಕೆ ಏರಿಸಿ, ಗಣಕದಿಂದಲೇ ತಪಾಸಣೆ ಮಾಡಿಸುವ ನಮಗೆ ಬಹಳ ಮುಖ್ಯ. ತಪಾಸಣೆಯಲ್ಲಿ ಸರಿ ಎನಿಸಿಕೊಂಡ ಪಾಠ, ತಪ್ಪು ಎನಿಸಿಕೊಂಡ ಪಾಠ ಎರಡೂ ನಮ್ಮ ಕಣ್ಣಿಗೆ ಬೀಳುತ್ತವೆ. ತಪಾಸಣೆಯೇ ಆಗದ ಪಾಠ ಮಾತ್ರ ಹಸಿರು ಟಿಕ್ ಹಾಕಿಕೊಂಡು ಸದ್ದಿಲ್ಲದೆ ಒಳಗೆ ಬರುತ್ತದೆ. ಈ ಲೇಖನ ಅದರ ಬಗ್ಗೆ.

ಪೈಪ್‌ಲೈನ್ ಅಂದ್ರೆ ಏನು?

ಹುಬ್ಬಳ್ಳಿ-ಧಾರವಾಡದ ನಾವು ನಾಲ್ಕೈದು ಜನ ಗೆಳೆಯರು ಬಿಡುವಿನಲ್ಲಿ ಶಾಸನಪಾಠಗಳನ್ನು ಟೈಪ್ ಮಾಡುತ್ತೇವೆ. ಸಾಮಗ್ರಿಗೆ ಇಲ್ಲಿ ಬರವಿಲ್ಲ. 'ದಕ್ಷಿಣ ಭಾರತದ ಶಾಸನಗಳು' ಮಾಲೆಯ 11, 15, 18, 20ನೇ ಸಂಪುಟಗಳು ಮುಂಬಯಿ-ಕರ್ನಾಟಕ ಭಾಗದ ಶಾಸನಗಳಿಗೇ ಮೀಸಲು. 1939ರಲ್ಲಿ ಧಾರವಾಡದಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳಿವೆ. ಮುದ್ರಿತ ಪಾಠವನ್ನು ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ಫೋಟೋ ಜೊತೆ ಹೋಲಿಸುತ್ತಾರೆ. ಒಂದು ಶಾಸನಕ್ಕೆ ಒಂದು ಕಡತ. ಎಲ್ಲ ಕಡತಗಳೂ ಗಿಟ್ ಎಂಬ ವ್ಯವಸ್ಥೆಯಲ್ಲಿ ಇರುತ್ತವೆ, ಹಾಗಾಗಿ ಯಾರು ಯಾವಾಗ ಯಾವ ಅಕ್ಷರ ಬದಲಿಸಿದರು ಎಂಬುದಕ್ಕೆ ದಾಖಲೆ ಉಳಿಯುತ್ತದೆ.

ಯಾರಾದರೂ ಒಂದು ಬದಲಾವಣೆ ಕಳಿಸಿದ ಕೂಡಲೇ ಗಣಕ ತಾನಾಗಿ ಒಂದಿಷ್ಟು ಪರೀಕ್ಷೆ ನಡೆಸುವಂತೆ ಮಾಡಬಹುದು. ಇದಕ್ಕೆ ಕಂಟಿನ್ಯುಯಸ್ ಇಂಟಿಗ್ರೇಷನ್, ಚಿಕ್ಕದಾಗಿ ಸಿಐ ಅಂತಾರೆ. ಯಾವ ಪರೀಕ್ಷೆ, ಯಾವ ಕ್ರಮದಲ್ಲಿ, ಯಾವಾಗ ನಡೆಯಬೇಕು ಎಂಬುದನ್ನು ಯಾಮಲ್ ಎಂಬ ರೂಪದ ಒಂದು ಸಂರಚನಾ ಕಡತದಲ್ಲಿ ಬರೆದಿಡಬೇಕು. ಆ ಪರೀಕ್ಷೆಗಳ ಸಾಲೇ ಪೈಪ್‌ಲೈನ್. ಗಿಟ್‌ಹಬ್ ಆಕ್ಷನ್ಸ್, ಗಿಟ್‌ಲ್ಯಾಬ್ ಸಿಐ ಎರಡರಲ್ಲೂ ಈ ಸೌಲಭ್ಯವಿದೆ. ಎಲ್ಲ ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು.

ಎಲ್ಲ ಪರೀಕ್ಷೆಯನ್ನೂ ಎಲ್ಲ ಶಾಸನಕ್ಕೂ ಹಚ್ಚಲಿಕ್ಕೆ ಬರುವುದಿಲ್ಲ. ಅದಕ್ಕೇ ಷರತ್ತು ಬೇಕು. ಬಾದಾಮಿಯ ಮೂರನೇ ಗುಹೆಯ ಮಂಗಳೇಶನ ಶಾಸನದಲ್ಲಿ ಶಕ 500, ಕಾರ್ತಿಕ ಹುಣ್ಣಿಮೆ ಎಂದಿದೆ, ವಾರದ ಹೆಸರಿಲ್ಲ. ಅಲ್ಲಿ ವಾರದ ಪರೀಕ್ಷೆ ನಡೆಸುವುದು ಹೇಗೆ? ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಶಕ ವರ್ಷ 556ನ್ನೂ ಭಾರತ ಯುದ್ಧದಿಂದ 3735 ವರ್ಷ ಎಂಬುದನ್ನೂ ಒಟ್ಟಿಗೆ ಹೇಳಿದ್ದಾನೆ. ಕಲಿ ಮತ್ತು ಶಕ ವರ್ಷಗಳ ಅಂತರ 3179 ಇರಬೇಕು. 3735ರಲ್ಲಿ 556 ಕಳೆದರೆ ಸರಿಯಾಗಿ 3179. ಇಂಥ ಶಾಸನಕ್ಕೆ 'ಎರಡು ಕಾಲಗಣನೆ ಇದ್ದರೆ ಕಳೆದು ನೋಡು' ಎಂಬ ಪರೀಕ್ಷೆ ಹೊಂದುತ್ತದೆ, ಬೇರೆಯದಕ್ಕೆ ಹೊಂದುವುದಿಲ್ಲ.

ಸಂವತ್ಸರದ ಲೆಕ್ಕ: ಒಂದು ಷರತ್ತಿನ ಒಳಗೆ ನಾಲ್ಕು ಕವಲು

ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಂದರೆ ನಮ್ಮ ಭಾಗದ ಶಾಸನಗಳಲ್ಲಿ ಕಾಲೋಲ್ಲೇಖ ತುಂಬಿ ತುಳುಕುತ್ತದೆ: ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಜೊತೆಗೆ ಸಂಕ್ರಮಣವೋ ಗ್ರಹಣವೋ. ಇವುಗಳಲ್ಲಿ ಗಣಕಕ್ಕೆ ಅತಿ ಸುಲಭವಾದದ್ದು ಸಂವತ್ಸರ. ದಕ್ಷಿಣದ ಪದ್ಧತಿಯಲ್ಲಿ ಗತ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಾಂಕ. ಶಕ 998ಕ್ಕೆ 12 ಕೂಡಿಸಿದರೆ 1010, ಶೇಷ 50. ಐವತ್ತನೆಯದು ನಳ. ಆರನೇ ವಿಕ್ರಮಾದಿತ್ಯ ತನ್ನ ಹೆಸರಿನ ಶಕೆಯನ್ನು ಆರಂಭಿಸಿದ ಕ್ರಿ.ಶ. 1076 ಇದೇ ನಳ ಸಂವತ್ಸರ.

ಇಷ್ಟೇ ಆಗಿದ್ದರೆ ಒಂದೇ ಸಾಲಿನ ಷರತ್ತು ಸಾಕಿತ್ತು. ಆದರೆ ಕವಲುಗಳನ್ನು ನೋಡ್ರಿ.

ಮೊದಲನೆಯದು, ಶಾಸನಕಾರ ಹೇಳಿದ್ದು ಗತ ವರ್ಷವೋ ವರ್ತಮಾನ ವರ್ಷವೋ? ವರ್ತಮಾನವಾದರೆ 12ರ ಬದಲು 11 ಕೂಡಿಸಬೇಕು. ಅಂದ್ರೆ ವರ್ತಮಾನ ಶಕ 999 ಕೂಡ ನಳವೇ.

ಎರಡನೆಯದು, ಶೇಷ ಸೊನ್ನೆ ಬಂದರೆ? ಅದು ಅರವತ್ತನೆಯ ಅಕ್ಷಯ ಸಂವತ್ಸರ. ಪಟ್ಟಿಯಲ್ಲಿ ಸೊನ್ನೆಯ ಕ್ರಮಾಂಕವೇ ಇಲ್ಲವಾದ್ದರಿಂದ ಇದನ್ನು ಬೇರೆಯಾಗಿಯೇ ಹೇಳಬೇಕು.

ಮೂರನೆಯದು, ಹೆಸರಿನ ರೂಪಗಳು. ನಳ ಎಂದು ಒಂದು ಕಡೆ, ಅನಳ ಎಂದು ಇನ್ನೊಂದು ಕಡೆ. ಪಾಠದಲ್ಲಿ ಕಲ್ಲಿನ ಮೇಲಿದ್ದ ರೂಪವೇ ಉಳಿಯಬೇಕು. ಹೋಲಿಕೆಗೆ ಮಾತ್ರ ಪ್ರತ್ಯೇಕ ಪರ್ಯಾಯ ಪಟ್ಟಿ ಇಟ್ಟುಕೊಳ್ಳಬೇಕು.

ನಾಲ್ಕನೆಯದು ಬಹಳ ಮುಖ್ಯ. ಸುಮಾರು ಹತ್ತನೇ ಶತಮಾನದ ಆರಂಭದವರೆಗಿನ ಶಾಸನಗಳಿಗೆ ಈ ಸೂತ್ರವನ್ನು ಕಣ್ಣುಮುಚ್ಚಿ ಹಚ್ಚುವಂತಿಲ್ಲ. ಆಗ ಗುರುವಿನ ಸರಾಸರಿ ಚಲನೆಯನ್ನು ಅನುಸರಿಸುವ ಪದ್ಧತಿಯೂ ಇತ್ತು. ಅದರಲ್ಲಿ ಸಂವತ್ಸರ ಸುಮಾರು 361 ದಿನಗಳದ್ದು, ಹೀಗಾಗಿ 85 ವರ್ಷಕ್ಕೊಮ್ಮೆಯಷ್ಟರಲ್ಲಿ ಒಂದು ಸಂವತ್ಸರ ಬಿಟ್ಟುಹೋಗುತ್ತದೆ. ಹಾಗಿರುವಾಗ ರಾಷ್ಟ್ರಕೂಟರ ಕಾಲದ ಶಾಸನವೊಂದಕ್ಕೆ 12 ಕೂಡಿಸಿ 'ತಪ್ಪು' ಎಂದು ಕೆಂಪು ಹಚ್ಚಿದರೆ ತಪ್ಪಿರುವುದು ನಮ್ಮ ಷರತ್ತಿನಲ್ಲಿ, ಕಲ್ಲಿನಲ್ಲಲ್ಲ.

ಸಡಿಲ ಷರತ್ತಿನ ಬೆಲೆ

ವಾರದ ಪರೀಕ್ಷೆ ಇನ್ನೂ ಸೂಕ್ಷ್ಮ. ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇದೆಯೋ ಆ ದಿನಕ್ಕೆ ಆ ತಿಥಿಯ ಹೆಸರು. ಆದರೆ ದಾನ ಕೊಟ್ಟ ಹೊತ್ತಿಗೆ ನಡೆಯುತ್ತಿದ್ದ ತಿಥಿಯನ್ನೇ ಬರೆಸಿದ ಸಂದರ್ಭಗಳೂ ಉಂಟು, ಆಗ ವಾರ ಒಂದು ದಿನ ಹಿಂದೆ ಸರಿಯುತ್ತದೆ. ಹಂಗಂತ 'ಒಂದು ದಿನ ಆಚೀಚೆ ಆದರೂ ಪರವಾಗಿಲ್ಲ' ಎಂದು ಷರತ್ತು ಬರೆದುಬಿಟ್ಟರೆ ಏನಾಗುತ್ತದೆ? ವಾರದಲ್ಲಿ ಏಳು ದಿನ, ಮೂರು ದಿನಕ್ಕೆ ಒಪ್ಪಿಗೆ. ಅಂದ್ರೆ ಪೂರ್ತಿ ಕಟ್ಟುಕತೆಯ ತಾರೀಕು ಕೂಡ ನೂರರಲ್ಲಿ 43 ಸಲ ಪಾಸಾಗುತ್ತದೆ! ತಿಥಿ ಆರಂಭವಾದ ದಿನ ಮತ್ತು ಸೂರ್ಯೋದಯಕ್ಕೆ ತಿಥಿ ಇದ್ದ ದಿನ, ಈ ಎರಡಕ್ಕೆ ಮಾತ್ರ ಒಪ್ಪಿಗೆ ಕೊಟ್ಟರೆ ಅದು 29ಕ್ಕೆ ಇಳಿಯುತ್ತದೆ. ಒಂದೇ ದಿನವಾದರೆ 14. ಗತ-ವರ್ತಮಾನ ಎರಡೂ ವರ್ಷಗಳನ್ನು ಪ್ರಯತ್ನಿಸಿ ಯಾವುದು ಹೊಂದಿದರೂ ಸರಿ ಎಂದರೆ ಮತ್ತೆ ಏರುತ್ತದೆ.

ಅದಕ್ಕೆ ಹೋಲಿಸಿದರೆ ಸಂವತ್ಸರದ ಪರೀಕ್ಷೆ ಗಟ್ಟಿ. ಗತ, ವರ್ತಮಾನ ಎರಡಕ್ಕೂ ಅವಕಾಶ ಕೊಟ್ಟರೂ ಆಕಸ್ಮಿಕವಾಗಿ ಹೊಂದುವ ಸಾಧ್ಯತೆ 60ರಲ್ಲಿ 2 ಮಾತ್ರ. ಆದ್ದರಿಂದ 'ಹೊಂದಿತು' ಎಂದಷ್ಟೇ ಬರೆದರೆ ಸಾಲದು, ಯಾವ ಕವಲಿನಲ್ಲಿ ಹೊಂದಿತು ಎಂಬುದನ್ನೂ ವರದಿಯಲ್ಲಿ ದಾಖಲಿಸಬೇಕು. ರಾಬರ್ಟ್ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಪಂಚಾಂಗದ ಕೋಷ್ಟಕಗಳನ್ನು ಕೊಟ್ಟರು. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಕ್ರಿ.ಶ. 700ರಿಂದ 1799ರವರೆಗಿನ ದಿನದಿನದ ಲೆಕ್ಕವನ್ನೇ ಪ್ರಕಟಿಸಿದರು. ಅವನ್ನು ಬಳಸಿದ ಹಿರಿಯ ಶಾಸನತಜ್ಞರು ಇದೇ ಶಿಸ್ತು ಪಾಲಿಸುತ್ತಿದ್ದರು: ಯಾವ ವರ್ಷ ಹಿಡಿದರೆ ಯಾವ ವಿವರ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಬಿಡಿಸಿ ಬರೆಯುತ್ತಿದ್ದರು. ಹೊಂದದಿದ್ದರೆ ಕಾಲೋಲ್ಲೇಖ ಅಸಮಂಜಸ, ವಿವರ ಸಾಲದಿದ್ದರೆ ಪರಿಶೀಲನೆ ಸಾಧ್ಯವಿಲ್ಲ. ಈ ಎರಡನ್ನೂ ಅವರು ಬೇರೆ ಬೇರೆಯಾಗಿ ಇಟ್ಟರು.

ತುಂಬಿದ ಅಂಕಿಯನ್ನು ಪರೀಕ್ಷಿಸಬಾರದು

ಷರತ್ತು ಇಲ್ಲದಿದ್ದರೆ ಮೋಸ ಹೋಗುವ ಜಾಗ ಇನ್ನೊಂದಿದೆ. ಒಂದು ಶಾಸನ ಕಲ್ಪಿಸಿಕೊಳ್ಳಿ. ಶಕ ವರ್ಷದಲ್ಲಿ 99 ಎಂಬುದು ಸ್ಪಷ್ಟ, ಕೊನೆಯ ಅಂಕಿ ಸವೆದಿದೆ, ಸಂವತ್ಸರ ನಳ ಎಂಬುದು ಚೆನ್ನಾಗಿ ಕಾಣುತ್ತದೆ. ಸಂಪಾದಕರು ನಳದ ಆಧಾರದ ಮೇಲೆ 8 ಎಂದು ತುಂಬಿದರು. ಅದು ಸರಿಯಾದ ಸಂಪಾದನೆಯೇ. ಈಗ ನಮ್ಮ ಪೈಪ್‌ಲೈನ್ 998ಕ್ಕೆ 12 ಕೂಡಿಸಿ, ನಳ ಬಂತು ಎಂದು ಹಸಿರು ತೋರಿಸುತ್ತದೆ. ಇದು ಪರೀಕ್ಷೆಯೇ ಅಲ್ಲ. ಸಂಪಾದಕರು ನಳದಿಂದ 998 ಪಡೆದರು, ನಾವು 998ರಿಂದ ನಳ ಪಡೆದೆವು. ಗಾಣದ ಎತ್ತು ಸುತ್ತಿದ ಹಾಗೆ ಹೊರಟ ಜಾಗಕ್ಕೇ ಬಂದೆವು.

'ಎಪಿಗ್ರಾಫಿಯಾ ಇಂಡಿಕಾ' ಸಂಪ್ರದಾಯದಲ್ಲಿ ಅಸ್ಪಷ್ಟ ಅಕ್ಷರ ಚೌಕ ಕಂಸದಲ್ಲಿ, ಸಂಪಾದಕರು ತುಂಬಿದ್ದು ಚೌಕ ಕಂಸದೊಳಗೆ ನಕ್ಷತ್ರ ಚಿಹ್ನೆಯೊಡನೆ ಬರುತ್ತದೆ. ಗಣಕದ ಶಾಸನಪಾಠಗಳಿಗೆ ಜಗತ್ತಿನಾದ್ಯಂತ ಬಳಸುವ ಎಪಿಡಾಕ್ ಪದ್ಧತಿಯಲ್ಲಿ ಇವಕ್ಕೆ 'ಅನ್‌ಕ್ಲಿಯರ್', 'ಸಪ್ಲೈಡ್' ಎಂಬ ಬೇರೆ ಬೇರೆ ಗುರುತುಗಳಿವೆ. ಟೈಪ್ ಮಾಡುವಾಗ 'ಕಂಸ ಯಾಕೆ, ಓದಲಿಕ್ಕೆ ಅಡ್ಡಿ' ಎಂದು ಅವನ್ನು ತೆಗೆದುಬಿಟ್ಟರೆ ಷರತ್ತು ಬರೆಯುವ ಆಧಾರವೇ ಹೋಯಿತು. ಗುರುತು ಉಳಿಸಿಕೊಂಡರೆ ಹೀಗೆ ಬರೆಯಬಹುದು:

- ವರ್ಷದ ಎಲ್ಲ ಅಂಕಿಗಳೂ ಕಲ್ಲಿನ ಮೇಲೆ ಸ್ಪಷ್ಟವಾಗಿದ್ದರೆ ಪರೀಕ್ಷೆ ನಡೆಸು.
- ಯಾವುದಾದರೂ ಅಂಕಿ ಅಸ್ಪಷ್ಟವಾಗಿದ್ದರೆ ಪರೀಕ್ಷೆ ನಡೆಸು, ಫಲಿತಾಂಶದ ಜೊತೆ 'ಓದು ಅನಿಶ್ಚಿತ' ಎಂದು ಸೇರಿಸು.
- ಯಾವುದಾದರೂ ಅಂಕಿ ಸಂಪಾದಕರು ತುಂಬಿದ್ದಾಗಿದ್ದರೆ ಪರೀಕ್ಷೆ ನಡೆಸಬೇಡ, 'ಅನ್ವಯಿಸದು' ಎಂದು ಕಾರಣಸಮೇತ ಬರೆ.

ಸಾಧನಗಳ ಒಳಗಿನ ತೊಡಕು

ಶಾಸನದ ಕಡೆಯ ಷರತ್ತು ಸರಿಯಾದ ಮೇಲೂ ಪೈಪ್‌ಲೈನ್ ಕಡತದಲ್ಲಿ ಅದನ್ನು ಬರೆಯುವಾಗ ಎಡವುವ ಜಾಗಗಳಿವೆ.

ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಒಂದು ಜಾಬ್‌ಗೆ ಷರತ್ತು ಹಾಕಿ, ಆ ಷರತ್ತು ಸುಳ್ಳಾದರೆ ಜಾಬ್ ನಡೆಯುವುದಿಲ್ಲ. ಆದರೆ ಅದರ ಸ್ಥಿತಿ 'ಯಶಸ್ವಿ' ಎಂದೇ ವರದಿಯಾಗುತ್ತದೆ! ಕಡ್ಡಾಯ ಪರೀಕ್ಷೆ ಎಂದು ಗುರುತಿಸಿದ್ದರೂ ಬಾಗಿಲು ತೆರೆಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ 'ಇಂಥ ಫೋಲ್ಡರ್ ಬದಲಾದರೆ ಮಾತ್ರ' ಎಂಬ ಷರತ್ತಿನಿಂದ ಇಡೀ ವರ್ಕ್‌ಫ್ಲೋ ಶುರುವಾಗದೇ ಹೋದರೆ ಕಡ್ಡಾಯ ಪರೀಕ್ಷೆ 'ಬಾಕಿ' ಎಂದೇ ನಿಂತು ಬಾಗಿಲು ಮುಚ್ಚಿರುತ್ತದೆ. ಎರಡೂ ಕಡೆ ಪರೀಕ್ಷೆ ನಡೆದಿಲ್ಲ, ಫಲ ಮಾತ್ರ ಬೇರೆ ಬೇರೆ. ಒಂದು ಜಾಬ್ ಇನ್ನೊಂದನ್ನು ಅವಲಂಬಿಸಿದ್ದರೆ ಮೊದಲನೆಯದು ಬಿಟ್ಟುಹೋದಾಗ ಎರಡನೆಯದೂ ಬಿಟ್ಟುಹೋಗುತ್ತದೆ. ಹೀಗೆ ಬಿಟ್ಟುಹೋದವುಗಳ ಸಾಲೇ ಹಸಿರಾಗಿ ಕಾಣಬಹುದು.

ಇನ್ನೊಂದು ತೊಡಕು ಪುಷ್ಪಕಂಸದ್ದು. ಷರತ್ತಿನ ಅರ್ಧ ಭಾಗವನ್ನು ಡಾಲರ್ ಚಿಹ್ನೆಯ ಜೋಡಿ ಪುಷ್ಪಕಂಸದ ಒಳಗೆ, ಉಳಿದರ್ಧವನ್ನು ಹೊರಗೆ ಬರೆದರೆ ಇಡೀ ಷರತ್ತು ಬರೀ ಅಕ್ಷರಗಳ ಸಾಲಾಗಿಬಿಡುತ್ತದೆ. ಖಾಲಿಯಲ್ಲದ ಅಕ್ಷರಸಾಲು ಯಾವಾಗಲೂ 'ನಿಜ'. ಹಾಗೆಯೇ ಹಿಂದಿನ ಹಂತ ಕೊಟ್ಟ ಉತ್ತರ 'ಫಾಲ್ಸ್' ಎಂಬ ಪದವಾಗಿದ್ದರೆ, ಪದ ಎಂಬ ಕಾರಣಕ್ಕೇ ಅದೂ 'ನಿಜ'. ಅದನ್ನು 'ಟ್ರೂ' ಎಂಬ ಪದಕ್ಕೆ ಸಮವೇ ಎಂದು ಸ್ಪಷ್ಟವಾಗಿ ಹೋಲಿಸಬೇಕು. ಇನ್ನು ವರದಿ ಬರೆಯುವ ಹಂತಕ್ಕೆ ಏನೂ ಹೇಳದಿದ್ದರೆ ಹಿಂದಿನ ಹಂತ ಸೋತ ಕೂಡಲೇ ಅದೂ ನಿಲ್ಲುತ್ತದೆ. ತಪ್ಪು ಸಿಕ್ಕ ದಿನವೇ ವರದಿ ಸಿಗುವುದಿಲ್ಲ. ಅಲ್ಲಿ 'ಯಾವಾಗಲೂ ನಡೆಸು' ಎಂಬ ಅರ್ಥದ ಆಲ್ವೇಸ್ ಷರತ್ತು ಬೇಕು.

ಗಿಟ್‌ಲ್ಯಾಬ್‌ನಲ್ಲಿ 'ರೂಲ್ಸ್' ಎಂಬ ಪಟ್ಟಿ ಇರುತ್ತದೆ. ಮೇಲಿನಿಂದ ಕೆಳಗೆ ಓದುತ್ತಾ ಮೊದಲು ಹೊಂದಿದ ನಿಯಮಕ್ಕೇ ನಿಲ್ಲುತ್ತದೆ. ಆದ್ದರಿಂದ 'ಹತ್ತನೇ ಶತಮಾನಕ್ಕೆ ಮುಂಚಿನದು' ಎಂಬಂಥ ವಿಶೇಷ ನಿಯಮ ಮೇಲಿರಬೇಕು, ಸಾಮಾನ್ಯ ನಿಯಮ ಕೆಳಗೆ. ಯಾವ ನಿಯಮವೂ ಹೊಂದದಿದ್ದರೆ ಆ ಜಾಬ್ ಪಟ್ಟಿಗೇ ಸೇರುವುದಿಲ್ಲ, ಬಿಟ್ಟುಹೋಯಿತು ಎಂಬ ಗುರುತೂ ಸಿಗುವುದಿಲ್ಲ.

ಯಾಮಲ್ ಬಗ್ಗೆಯೂ ಒಂದು ಮಾತು. ಕಡತಗಳು ಕ್ರಮವಾಗಿ ಕಾಣಲಿ ಎಂದು ಶಕ ವರ್ಷಕ್ಕೆ ಮುಂದೆ ಸೊನ್ನೆ ಹಚ್ಚುವ ರೂಢಿ ಇದೆ. ಯಾಮಲ್ 1.1 ನಿಯಮದಂತೆ ಓದುವ ತಂತ್ರಾಂಶ ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಎಂಟರ ಮಾನದಲ್ಲಿ ಓದುತ್ತದೆ. ಮೊದಲನೇ ಪುಲಕೇಶಿಯ ಬಾದಾಮಿ ಬಂಡೆ ಶಾಸನದ ಶಕ 465ನ್ನು 0465 ಎಂದು ಬರೆದರೆ ಅದು 309 ಆಗುತ್ತದೆ! ಪುಲಕೇಶಿ 156 ವರ್ಷ ಹಿಂದೆ ಹೋದ. ಐಹೊಳೆಯ 0556 ಆಗುವುದು 366. ಆದರೆ 0998ರಲ್ಲಿ ಎಂಟರ ಮಾನಕ್ಕೆ ಸೇರದ ಅಂಕಿಗಳಿರುವುದರಿಂದ ಅದು ಪದವಾಗಿ ಹಾಗೆಯೇ ಉಳಿಯುತ್ತದೆ. ಹೀಗೆ ಕೆಲವು ಸರಿ, ಕೆಲವು ತಪ್ಪು ಆದಾಗ ಪತ್ತೆ ಹಚ್ಚುವುದು ಕಷ್ಟ. ಉದ್ಧರಣ ಚಿಹ್ನೆಯೊಳಗೆ ಬರೆದರೆ ಈ ಕಾಟ ಇಲ್ಲ.

ನಾನು ಪಾಲಿಸುವ ಕ್ರಮ

ಮೊದಲನೆಯದಾಗಿ, ಕಾಲಗಣನೆಯ ಷರತ್ತನ್ನು ಪೈಪ್‌ಲೈನ್ ಕಡತದಲ್ಲಿ ಬರೆಯುವುದಿಲ್ಲ. ಅದು ಒಂದು ಪ್ರತ್ಯೇಕ ಪ್ರೋಗ್ರಾಮಿನಲ್ಲಿ ಇರುತ್ತದೆ, ಮನೆಯ ಲ್ಯಾಪ್‌ಟಾಪಿನಲ್ಲೇ ಅದನ್ನು ಓಡಿಸಿ ನೋಡಬಹುದು. ಪೈಪ್‌ಲೈನ್ ಕಡತ 'ಯಾವಾಗ ಓಡಿಸಬೇಕು' ಎಂಬುದನ್ನಷ್ಟೇ ಹೇಳುತ್ತದೆ.

ಎರಡನೆಯದಾಗಿ, ಪ್ರೋಗ್ರಾಮು ಪ್ರತಿ ಶಾಸನಕ್ಕೂ ನಾಲ್ಕರಲ್ಲಿ ಒಂದು ಉತ್ತರ ಬರೆಯಲೇಬೇಕು: ಹೊಂದಿತು, ಹೊಂದಲಿಲ್ಲ, ವಿವರ ಸಾಲದು, ಅನ್ವಯಿಸದು. ಹೌದು-ಇಲ್ಲ ಎಂಬ ಎರಡೇ ಉತ್ತರ ಶಾಸನಕ್ಕೆ ಸಾಲುವುದಿಲ್ಲ.

ಮೂರನೆಯದಾಗಿ, ಏನೇ ಆದರೂ ನಡೆಯುವ ಕೊನೆಯ ಜಾಬ್ ಒಂದಿದೆ. ಅದರ ಕೆಲಸ ಎಣಿಕೆ. ಒಳಗೆ ಬಂದ ಕಡತಗಳ ಸಂಖ್ಯೆ ಎಷ್ಟು, ನಾಲ್ಕೂ ಉತ್ತರಗಳ ಮೊತ್ತ ಎಷ್ಟು? ಎರಡೂ ಸಮ ಇರದಿದ್ದರೆ ಕೆಂಪು. ಕಡ್ಡಾಯ ಪರೀಕ್ಷೆ ಎಂದು ಗುರುತಿಸಿದ್ದು ಇದೊಂದನ್ನೇ. ಒಂದು ಕಡತ ಯಾವ ಕಾರಣಕ್ಕೆ ತಪ್ಪಿಸಿಕೊಂಡರೂ ಈ ಎಣಿಕೆಯಲ್ಲಿ ಸಿಕ್ಕಿಬೀಳುತ್ತದೆ.

ನಾಲ್ಕನೆಯದು, ಹೊಂದದ ಶಾಸನದ ವಿಚಾರ. 'ಹೊಂದಲಿಲ್ಲ' ಎಂಬ ಉತ್ತರ ಬಂದು, ಕಡತದಲ್ಲಿ ಸಂಪಾದಕರ ಟಿಪ್ಪಣಿ ಇಲ್ಲದಿದ್ದರೆ ಕೆಂಪು: ಯಾರಾದರೂ ಫೋಟೋ ತೆಗೆದು ನೋಡಲೇಬೇಕು. ನೋಡಿದ ಮೇಲೆ 'ಕಲ್ಲಿನ ಮೇಲೆ ಇರುವುದೇ ಹೀಗೆ' ಎಂದು ಟಿಪ್ಪಣಿ ಬರೆದರೆ ಪಾಠ ಒಳಗೆ ಬರುತ್ತದೆ, ಓದುಗರಿಗೆ ಕಾಣುವ ಪುಟದಲ್ಲಿ 'ಕಾಲೋಲ್ಲೇಖ ಅಸಮಂಜಸ' ಎಂದು ಅಚ್ಚಾಗುತ್ತದೆ. ಪೈಪ್‌ಲೈನ್ ತಾನಾಗಿ ಒಂದು ಅಕ್ಷರವನ್ನೂ ತಿದ್ದಕೂಡದು. ಯಾಕಂದ್ರೆ ಹೊಂದದ ತಾರೀಕೂ ಒಂದು ಸಾಕ್ಷಿ. ಗಂಗರ ಹಲವು ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು ವಾದಿಸುವಾಗ ಅವುಗಳ ಕಾಲೋಲ್ಲೇಖದ ಎಡವಟ್ಟೂ ಅವನ ಆಧಾರಗಳಲ್ಲಿ ಒಂದಾಗಿತ್ತು. ಅವನ ತೀರ್ಮಾನಗಳನ್ನೆಲ್ಲ ಒಪ್ಪಬೇಕಿಲ್ಲ. ಆದರೆ ಯಾರಾದರೂ ಆ ತಾರೀಕುಗಳನ್ನು ಮೊದಲೇ 'ಸರಿ' ಮಾಡಿಟ್ಟಿದ್ದರೆ ಆ ಚರ್ಚೆಯೇ ಹುಟ್ಟುತ್ತಿರಲಿಲ್ಲ.

ಇದೇ ತತ್ವ ಅಕ್ಷರಗಳಿಗೂ ಹೊಂದುತ್ತದೆ. ಒಂಬತ್ತನೇ ಶತಮಾನದ ಕನ್ನಡ ಪಾಠದಲ್ಲಿ ಒಂದೂ ೞ ಕಾಣದಿದ್ದರೆ ಟೈಪ್ ಮಾಡಿದವರು ಎಲ್ಲ ಕಡೆ ಳ ಒತ್ತಿರಬಹುದು. ಅಥವಾ ಸಣ್ಣ ಶಾಸನವಾದ್ದರಿಂದ ೞ ಬೇಕಾದ ಪದವೇ ಇಲ್ಲದಿರಬಹುದು. ಆದ್ದರಿಂದ ಇಲ್ಲಿ ಕೆಂಪು ಬೇಡ, ಎಚ್ಚರಿಕೆ ಸಾಕು. ಅಂದಹಾಗೆ ಯುನಿಕೋಡ್ ಪಟ್ಟಿಯಲ್ಲೇ ೞ ಅಕ್ಷರಕ್ಕೆ 'ಎಫ್ಎ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮ, ಅದಕ್ಕೆ ಮೂಲ ಹೆಸರನ್ನು ಹಾಗೇ ಉಳಿಸಿ ಪಕ್ಕದಲ್ಲಿ ತಿದ್ದುಪಡಿಯ ಹೆಸರು ಕೊಟ್ಟಿದ್ದಾರೆ. ಶಾಸನ ಸಂಪಾದಕರು ಮಾಡುವುದೂ ಇದನ್ನೇ ಅಲ್ಲವೇ?

ಇಷ್ಟೆಲ್ಲ ಯಾಕೆ?

ನಮ್ಮ ಊರುಗಳ ಶಾಸನಗಳ ಗತಿ ನಿಮಗೆ ಗೊತ್ತು. ಸುಣ್ಣ-ಬಣ್ಣ ಬಳಿದವು, ಗುಡಿ ಜೀರ್ಣೋದ್ಧಾರದಲ್ಲಿ ಹಾಸುಗಲ್ಲಾದವು, ಮಳೆ-ಬಿಸಿಲಿಗೆ ಹಕ್ಕಳೆ ಎದ್ದವು. ಕಲ್ಲು ಹೋದ ಮೇಲೆ ಉಳಿಯುವುದು ಪಾಠ. ಆ ಪಾಠ ಗಣಕಕ್ಕೆ ಬಂದ ದಿನದಿಂದ ಅದರ ತಾರೀಕು ಗುಡಿಯ ಮುಂದಿನ ಫಲಕಕ್ಕೆ, ವಾಟ್ಸಾಪಿಗೆ, ಊರಿನ ಇತಿಹಾಸದ ಪುಸ್ತಕಕ್ಕೆ ಹೋಗುತ್ತದೆ. ಪಕ್ಕದಲ್ಲಿ ಹಸಿರು ಟಿಕ್ ಇದ್ದರೆ ಯಾರೂ ಮತ್ತೆ ಕೇಳುವುದಿಲ್ಲ. ತಪ್ಪು ಎಂದು ಗೊತ್ತಿರುವ ತಾರೀಕನ್ನು ಯಾರಾದರೂ ಒಂದು ದಿನ ಸರಿಪಡಿಸಿಯಾರು. ಪರೀಕ್ಷಿಸಲಾಗಿದೆ ಎಂದು ನಂಬಿದ, ಆದರೆ ಪರೀಕ್ಷೆಯೇ ಆಗದ ತಾರೀಕನ್ನು ಹುಡುಕುವವರು ಯಾರು?

ನೀವು ಸಿಐ ಬಳಸದೇ ಇರಬಹುದು, ಎಕ್ಸೆಲ್ ಹಾಳೆಯಲ್ಲೇ ಶಾಸನಗಳ ಪಟ್ಟಿ ಇಟ್ಟಿರಬಹುದು. ಆಗಲೂ ಒಂದು ಕೆಲಸ ಮಾಡಬಹುದು. 'ಪರಿಶೀಲಿಸಿದೆ' ಎಂಬ ಕಾಲಂನಲ್ಲಿ ಹೌದು-ಇಲ್ಲ ಬದಲಿಗೆ ಮೇಲಿನ ನಾಲ್ಕು ಉತ್ತರಗಳಲ್ಲಿ ಒಂದನ್ನು ತುಂಬಿ, ಪಕ್ಕದಲ್ಲಿ ಕಾರಣಕ್ಕೆ ಒಂದು ಕಾಲಂ ಇಡಿ. ಖಾಲಿ ಉಳಿದ ಮನೆಗಳನ್ನು ಎಣಿಸಿ. ಆ ಸಂಖ್ಯೆಯನ್ನು ಪಟ್ಟಿಯ ತಲೆಬರಹದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ.